ಶುದ್ಧಪಾಠ ಮತ್ತು ದೋಷಪಟ್ಟಿ: ಕ್ನೂಥ್ ಅವರ ಟೆಕ್ ಬರಹಗಳನ್ನು ಕುರಿತು

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಶುದ್ಧಪಾಠವೊಂದೇ ಸಾಲದು. ಸಂಪಾದಕರು ಆ ಪಾಠವನ್ನು ಏಕೆ ಸ್ವೀಕರಿಸಿದರು, ಉಳಿದವನ್ನು ಏಕೆ ಕೈಬಿಟ್ಟರು ಎಂಬುದೂ ತಿಳಿಯಬೇಕು. ಪಾಠಾಂತರಗಳಿಲ್ಲದ ಆವೃತ್ತಿಯನ್ನು ಓದಬಹುದೇ ಹೊರತು ಪರೀಕ್ಷಿಸಲಾಗದು. ಜಟಿಲವಾದ ತಂತ್ರಾಂಶಗಳಿಗೂ ಈ ಮಾತು ಸಲ್ಲುತ್ತದೆ ಎಂಬುದಕ್ಕೆ ಡೊನಾಲ್ಡ್ ಕ್ನೂಥ್ ಅವರ ಮೂರು ಬರಹಗಳು ನಿದರ್ಶನವಾಗಿವೆ. ಮೂರೂ ಪುಟಗಳನ್ನು ಅಚ್ಚಿಗೆ ಅಣಿಗೊಳಿಸುವ ಟೆಕ್ ಎಂಬ ತಂತ್ರಾಂಶವನ್ನು ಕುರಿತವು.

ಮೊದಲನೆಯದು 1986ರಲ್ಲಿ ಪ್ರಕಟವಾದ 'ಟೆಕ್: ದ ಪ್ರೋಗ್ರಾಂ'. ಪ್ರೋಗ್ರಾಮನ್ನು ಯಂತ್ರಕ್ಕಿಂತ ಮೊದಲು ಮನುಷ್ಯನಿಗಾಗಿ ಬರೆಯಬೇಕು ಎಂಬುದು ಕ್ನೂಥ್ ಅವರ ನಿಲುವು. ಇಲ್ಲಿ ಇಡೀ ತಂತ್ರಾಂಶವು 1,300ಕ್ಕೂ ಹೆಚ್ಚು ಸಂಖ್ಯಾಂಕಿತ ಖಂಡಗಳಲ್ಲಿ ಹರಡಿಕೊಂಡಿದೆ. ಸಾಮಾನ್ಯವಾಗಿ ಮೊದಲು ಗದ್ಯದಲ್ಲಿ ವಿವರಣೆ, ಅನಂತರ ಯಂತ್ರಕ್ಕೆ ಆದೇಶ. ಒಂದೇ ಮೂಲದಿಂದ ಓದುಗರಿಗೆ ಪುಸ್ತಕವೂ ಗಣಕಕ್ಕೆ ಪ್ರೋಗ್ರಾಮೂ ಸಿದ್ಧವಾಗುತ್ತವೆ. ಈ ಕ್ರಮವನ್ನು ಮೆಚ್ಚಿಯೂ ನಾವು ಒಂದು ಆಕ್ಷೇಪವನ್ನು ಎತ್ತಬೇಕಾಗಿದೆ. ಈ ವಿವರಣೆ ತೀರ್ಮಾನವಾದ ಮೇಲಿನದು. ಲೇಖಕರು ಹಿಡಿದು ಬಿಟ್ಟ ದಾರಿಗಳು ಇದರಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ.

ಆ ಕೊರತೆಯನ್ನು ತುಂಬುವುದು 1989ರ 'ದ ಎರರ್ಸ್ ಆಫ್ ಟೆಕ್' ಎಂಬ ಪ್ರಬಂಧ. ಹತ್ತು ವರ್ಷಗಳ ಅವಧಿಯಲ್ಲಿ ಮಾಡಿದ 850ಕ್ಕೂ ಹೆಚ್ಚು ತಿದ್ದುಪಡಿಗಳನ್ನು ಕ್ನೂಥ್ ಇಲ್ಲಿ ಪಟ್ಟಿಮಾಡಿ, 15 ವರ್ಗಗಳಲ್ಲಿ ವಿಂಗಡಿಸಿದ್ದಾರೆ. ಕೈತಪ್ಪು ಬೇರೆ, ಮರೆವು ಬೇರೆ, ಬಿಡಿಯಾಗಿ ಸರಿಯಿರುವ ಭಾಗಗಳು ಕೂಡಿದಾಗ ಹುಟ್ಟುವ ದೋಷ ಬೇರೆ. ಲಿಪಿಕಾರರ ಸ್ಖಾಲಿತ್ಯಗಳನ್ನು ನಾವು ವಿಂಗಡಿಸುವ ರೀತಿಯೂ ಇಂಥದೇ. ವ್ಯತ್ಯಾಸವೆಂದರೆ, ಲಿಪಿಕಾರನ ಮನಸ್ಸನ್ನು ನಾವು ಊಹಿಸಬೇಕು. ಇಲ್ಲಿ ತಪ್ಪಿದವರೇ ಸಾಕ್ಷಿ ನುಡಿಯುತ್ತಾರೆ.

ಮೂರನೆಯದು 1984ರ ಪರೀಕ್ಷಾಗ್ರಂಥ. ದಿನಬಳಕೆಯ ಬರಹಗಳು ತಂತ್ರಾಂಶದ ಅಪರೂಪದ ಮೂಲೆಗಳನ್ನು ಮುಟ್ಟುವುದಿಲ್ಲವಾದ್ದರಿಂದ, ಯಾರೂ ಅಚ್ಚುಹಾಕದಂತಹ ವಿಕಟ ಪಠ್ಯವೊಂದನ್ನು ಅವರು ಬುದ್ಧಿಪೂರ್ವಕವಾಗಿ ರಚಿಸಿದರು. ಆದರೂ ಪರೀಕ್ಷೆಯಲ್ಲಿ ತೇರ್ಗಡೆಯಾದುದು ನಿರ್ದೋಷವೆಂದಲ್ಲ. 1970ರ ಸುಮಾರಿಗೇ ಡೈಕ್‌ಸ್ಟ್ರ ಈ ಎಚ್ಚರಿಕೆಯನ್ನು ನೀಡಿದ್ದರು.

ವಿವರಣೆ, ದೋಷಪಟ್ಟಿ, ಪರೀಕ್ಷೆ: ಈ ಮೂರೂ ಕೂಡಿದಾಗಲೇ ತಂತ್ರಾಂಶದ ತರ್ಕ ಪಾರದರ್ಶಕವಾಗುತ್ತದೆ. ಆದರೆ ಇದು ಒಬ್ಬ ಕರ್ತೃವಿನ ಕೃತಿಗೆ ಸಂದ ಮಾದರಿ. ಇಂದಿನ ಭಾಷಾಯಂತ್ರಗಳ ನಿರ್ಣಯ ಕೋಟ್ಯಂತರ ಸಂಖ್ಯೆಗಳಲ್ಲಿ ಅಡಗಿದೆ; ಅವನ್ನು ಯಾರೂ ಕೂತು ಬರೆದಿಲ್ಲ. ಕೇಳಿದರೆ ಯಂತ್ರ ಸೊಗಸಾದ ಕಾರಣವನ್ನು ಹೇಳೀತು. ಅದೇ ನಿಜವಾದ ಕಾರಣವೆಂಬುದಕ್ಕೆ ಖಾತರಿಯಿಲ್ಲ.

ಕರ್ನಾಟಕದ ಗ್ರಂಥಭಂಡಾರಗಳಿಂದ ದೂರವಿದ್ದು, ಓಲೆಗರಿಗಳ ಛಾಯಾಚಿತ್ರಗಳನ್ನೇ ನೆಚ್ಚಿಕೊಂಡ ಸಂಶೋಧಕರಿಗೆ ಇದು ತಮ್ಮದೇ ಸಮಸ್ಯೆ. ಅಪರಿಚಿತ ಪದವನ್ನು ಪರಿಚಿತ ಪದಕ್ಕೆ ತಿದ್ದುವುದು ಲಿಪಿಕಾರರ ಹಳೆಯ ಚಾಳಿ. ಬಳಕೆಯ ಹೆಚ್ಚಳವನ್ನು ಆಧರಿಸಿ ಕಲಿತ ಯಂತ್ರಕ್ಕೂ ಅದೇ ಒಲವು ಬರಬಹುದು. ಹುಳು ತಿಂದ ಎಡೆಯಲ್ಲಿ ಛಂದಸ್ಸಿಗೆ ಒಪ್ಪುವ ಊಹೆಯೊಂದು ಕೂತರೆ, ಎದ್ದುಕಾಣುವ ತಪ್ಪಿಗಿಂತ ಅದೇ ಹೆಚ್ಚು ಅಪಾಯಕಾರಿ. ಆದ್ದರಿಂದ ಚಿತ್ರ, ಯಂತ್ರದ ಓದು, ಅದರ ಪರ್ಯಾಯಗಳು, ಸಂಪಾದಕರ ತೀರ್ಮಾನ ಇವು ನಾಲ್ಕೂ ಪ್ರತ್ಯೇಕವಾಗಿ ದಾಖಲಾಗಬೇಕು. ಪಾಠ ನಿಶ್ಚಿತವಾಗಿದ್ದು ಯಂತ್ರವು ಹಿಂದೆ ಕಂಡಿರದ ಗರಿಗಳಿಂದ, ಅದರಲ್ಲಿಯೂ ವಿರಳ ಪದಗಳಿರುವ ಗರಿಗಳಿಂದ, ಅದನ್ನು ಪರೀಕ್ಷಿಸಬೇಕು. ದೋಷಪಟ್ಟಿಯನ್ನು ಮುಚ್ಚಿಟ್ಟ ಶುದ್ಧಪಾಠವನ್ನು, ಅದನ್ನು ಸಿದ್ಧಪಡಿಸಿದವರು ಯಾರೇ ಆಗಿರಲಿ, ನಾವು ಪ್ರಮಾಣವೆಂದು ಒಪ್ಪಲಾಗದು.