ಮಿದುಳುಬಳ್ಳಿಯ ದ್ರವದ ಸಾಕ್ಷ್ಯ: ಒಂದು ವಿಮರ್ಶೆ

ಕಾಟನ್‌ಪೇಟೆಗೆ ಅನತಿದೂರದಲ್ಲಿರುವ ಮಿಂಟೋ ಕಣ್ಣಾಸ್ಪತ್ರೆಯಂಥ ಸ್ಥಳಕ್ಕೆ ತರುಣಿಯೊಬ್ಬಳು ಒಂದು ಕಣ್ಣು ಮಂಜಾಯಿತೆಂದು ಬಂದರೆ, ಅದು ಕೇವಲ ನೇತ್ರರೋಗವಾಗಿರಲಿಕ್ಕಿಲ್ಲ. ನರತಂತುಗಳ ಹೊದಿಕೆಯನ್ನು ದೇಹದ ರಕ್ಷಣಾಶಕ್ತಿಯೇ ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ವ್ಯಾಧಿಗೆ ದೃಷ್ಟಿನರದ ಉರಿಯೂತವು ಮೊದಲ ಸೂಚನೆಯಾಗುವುದುಂಟು. ಆಗ ಬೆನ್ನಿನಿಂದ ತೆಗೆದ ಮಿದುಳುಬಳ್ಳಿಯ ದ್ರವವು ಏನನ್ನು ಹೇಳಬಲ್ಲುದು?

1942ರಲ್ಲಿ ಕ್ಯಾಬಟ್ ಮತ್ತು ಸಂಗಡಿಗರು ಇಂಥ ರೋಗಿಗಳ ದ್ರವದಲ್ಲಿ ಗ್ಯಾಮಾ ಗ್ಲಾಬ್ಯುಲಿನ್ ಹೆಚ್ಚಿರುವುದನ್ನು ತೋರಿಸಿದರು. ಮುಂದೆ ಆಲಿಗೋಕ್ಲೋನಲ್ ಪಟ್ಟಿಗಳ ಪರೀಕ್ಷೆ ಬಂದಿತು. ರಕ್ತದಲ್ಲಿಲ್ಲದೆ ದ್ರವದಲ್ಲಿ ಮಾತ್ರ ಕಾಣುವ ಪಟ್ಟಿಗಳು, ಪ್ರತಿಕಾಯಗಳು ನರಮಂಡಲದೊಳಗೇ ತಯಾರಾಗುತ್ತಿವೆಯೆಂಬುದಕ್ಕೆ ಸಾಕ್ಷಿ. 2017ರ ಮ್ಯಾಕ್‌ಡೊನಾಲ್ಡ್ ಸೂತ್ರಗಳು ರೋಗನಿರ್ಣಯದಲ್ಲಿ ಇವಕ್ಕೆ ಹೆಚ್ಚಿನ ಮಾನ್ಯತೆ ಕೊಟ್ಟದ್ದು ಯುಕ್ತವೇ.

ಆದರೆ ಪಟ್ಟಿಗಳನ್ನೇ ರೋಗದ ಚಟುವಟಿಕೆಯ ಅಳತೆಗೋಲೆಂದು ಭಾವಿಸುವುದನ್ನು ನಾವು ಒಪ್ಪಲಾರೆವು. ಒಮ್ಮೆ ಮೂಡಿದ ಪಟ್ಟಿ, ರೋಗವು ಶಾಂತವಾಗಿರುವಾಗಲೂ ಸಾಮಾನ್ಯವಾಗಿ ಅಳಿಯದು. ವೀರಗಲ್ಲನ್ನು ನೋಡಿ ಇಂದೂ ಕಾಳಗ ನಡೆಯುತ್ತಿದೆಯೆನ್ನಲಾದೀತೇ? ಬಿ-ಕೋಶಗಳನ್ನು ಸೆಳೆಯುವ ಸಿಎಕ್ಸ್‌ಸಿಎಲ್13 ಎಂಬ ವಸ್ತು ಸದ್ಯದ ಉರಿಯೂತಕ್ಕೆ ಹೆಚ್ಚು ಸಮೀಪವಾದುದು. ಆದರೆ ಅದು ಮಿದುಳಿಗೆ ತಗಲಿದ ಸಿಫಿಲಿಸ್, ಲೈಮ್ ಸೋಂಕುಗಳಲ್ಲಿಯೂ ಏರುತ್ತದೆ. ನ್ಯೂರೋಫಿಲಮೆಂಟ್ ಅಂತೂ ರಕ್ಷಣಾಶಕ್ತಿಯ ಚಿಹ್ನೆಯೇ ಅಲ್ಲ, ಹಾಳಾದ ನರತಂತುವಿನ ಚೂರು. ರಕ್ತದಲ್ಲಿಯೂ ಅಳೆಯಬಹುದಾದ್ದರಿಂದ ಪದೇಪದೇ ಬೆನ್ನಿಗೆ ಸೂಜಿ ಚುಚ್ಚಬೇಕಿಲ್ಲವೆಂಬುದು ಅದರ ಗುಣ.

ಭಾರತೀಯ ರೋಗಿಗಳಲ್ಲಿ ಪಟ್ಟಿಗಳು ಯೂರೋಪಿಯನರಲ್ಲಿರುವಷ್ಟು ವ್ಯಾಪಕವಾಗಿ ದೊರೆತಿಲ್ಲ. ಆದುದರಿಂದ ಅವುಗಳ ಅಭಾವದಿಂದಲೇ ರೋಗವಿಲ್ಲವೆನ್ನಲಾಗದು. ಪಟ್ಟಿಯಿಲ್ಲದ ದೃಷ್ಟಿನರದ ಉರಿಯೂತದಲ್ಲಿ ಅಕ್ವಾಪೊರಿನ್-4 ಪ್ರತಿಕಾಯವನ್ನು ರಕ್ತದಲ್ಲಿ ಹುಡುಕಲೇಬೇಕು. ಅದಿದ್ದರೆ ರೋಗವು ನ್ಯೂರೋಮೈಲೈಟಿಸ್ ಆಪ್ಟಿಕಾ; ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್-ಬೀಟಾ ಅದನ್ನು ಉಲ್ಬಣಗೊಳಿಸಬಹುದು.