ಹಂದಿಗೆ ಎಸೆದ ಹಣ್ಣು

ಹಸಿದವನು ಕದ್ದರೆ ಅದಕ್ಕೊಂದು ಕಾರಣವಿದೆ. ಸಿಟ್ಟಿನಲ್ಲಿ ಕೈ ಎತ್ತಿದವನಿಗೂ ಒಂದು ಕಾರಣವಿದೆ. ಆದರೆ ತಪ್ಪೆಂದು ಚೆನ್ನಾಗಿ ಗೊತ್ತಿದ್ದೂ, ಕಿಂಚಿತ್ತೂ ಲಾಭವಿಲ್ಲದಿದ್ದರೂ, ಬರೇ ತಪ್ಪು ಮಾಡುವ ಖುಷಿಗಾಗಿ ಮನುಷ್ಯ ತಪ್ಪು ಮಾಡುತ್ತಾನೆಯೇ? ಈ ಪ್ರಶ್ನೆಯನ್ನು ಇತರರ ಮೇಲೆ ಹೇರದೆ ತನಗೇ ಹಾಕಿಕೊಂಡವನು ಸಂತ ಅಗಸ್ಟೀನ್.

ಕ್ರಿ.ಶ. 354ರಲ್ಲಿ, ಇಂದಿನ ಅಲ್ಜೀರಿಯಾದಲ್ಲಿರುವ ತಗಾಸ್ತೆಯಲ್ಲಿ ಹುಟ್ಟಿದ ಆತ, ನಲವತ್ತು ದಾಟಿದ ಮೇಲೆ ಬಿಷಪ್ ಆಗಿದ್ದಾಗ 'ಕನ್ಫೆಷನ್ಸ್' ಬರೆದ. ಅದರ ಎರಡನೆಯ ಭಾಗದಲ್ಲಿ ತನ್ನ ಹದಿನಾರನೆಯ ವಯಸ್ಸಿನ ಒಂದು ರಾತ್ರಿಯನ್ನು ನೆನೆಯುತ್ತಾನೆ. ಮನೆಯಲ್ಲಿ ಹಣದ ಅಡಚಣೆಯಿಂದ ಓದು ನಿಂತಿತ್ತು. ಕೆಲಸವಿಲ್ಲದ ಹುಡುಗರ ಗುಂಪು ತಡರಾತ್ರಿಯವರೆಗೆ ಬೀದಿಯಲ್ಲಿ ಆಡಿ, ನೆರೆಯ ಪಿಯರ್ ಮರವೊಂದನ್ನು ಅಲುಗಿಸಿ ಹೊರೆಗಟ್ಟಲೆ ಹಣ್ಣು ಕದ್ದಿತು. ಒಂದಿಷ್ಟು ರುಚಿ ನೋಡಿದ್ದು ಬಿಟ್ಟರೆ ಉಳಿದದ್ದೆಲ್ಲ ಹಂದಿಗಳ ಪಾಲಾಯಿತು. ಅಗಸ್ಟೀನನ ಮನೆಯಲ್ಲೇ ಅದಕ್ಕಿಂತ ಒಳ್ಳೆಯ ಹಣ್ಣುಗಳಿದ್ದವು.

ಹುಡುಗಾಟದ ಈ ಕಳ್ಳತನಕ್ಕೆ ಇಷ್ಟೊಂದು ಪುಟಗಳೇ ಎಂದು ಬರ್ಟ್ರಂಡ್ ರಸೆಲ್ ತನ್ನ ಪಾಶ್ಚಾತ್ಯ ತತ್ವಶಾಸ್ತ್ರದ ಇತಿಹಾಸದಲ್ಲಿ (1945) ಅಚ್ಚರಿಪಡುತ್ತಾನೆ. ಆಧುನಿಕರಿಗೆ ಇದು ಅತಿರೇಕವಾಗಿ ಕಾಣುತ್ತದೆ ಎಂದವನು, ಅಡಿಟಿಪ್ಪಣಿಯಲ್ಲಿ ಗಾಂಧೀಜಿಯನ್ನು ಮಾತ್ರ ಅಪವಾದವೆಂದು ಹೆಸರಿಸುತ್ತಾನೆ. ಈ ಹೋಲಿಕೆಯನ್ನು ಸ್ವಲ್ಪ ಮುಂದುವರಿಸಬೇಕು. ಗಾಂಧೀಜಿಯೂ ಹದಿನೈದರ ವಯಸ್ಸಿನಲ್ಲಿ ಕದ್ದಿದ್ದರು. ಅಣ್ಣ ಮಾಡಿಕೊಂಡಿದ್ದ ಸುಮಾರು 25 ರೂಪಾಯಿ ಸಾಲ ತೀರಿಸಲು, ಅದೇ ಅಣ್ಣನ ಚಿನ್ನದ ಕಡಗದಿಂದ ಒಂದು ಚೂರು ತೆಗೆದಿದ್ದರು. ಅಲ್ಲಿ ಕಾರಣವಿತ್ತು. ಅಗಸ್ಟೀನನಿಗೆ ಆ ನೆಪವೂ ಇಲ್ಲ. ಆತನನ್ನು ಬೆಚ್ಚಿಬೀಳಿಸಿದ್ದು ಹಣ್ಣಿನ ಬೆಲೆಯಲ್ಲ, ಕಾರಣದ ಗೈರುಹಾಜರಿ.

ಆತ ಉತ್ತರ ಹುಡುಕುತ್ತಾ ಹೋಗುತ್ತಾನೆ. ನಿಷಿದ್ಧ ಎಂಬುದೇ ರುಚಿಯಾಯಿತು ಎನ್ನುತ್ತಾನೆ. ಯಾರ ಆಜ್ಞೆಯೂ ತನಗಿಲ್ಲವೆಂದು ಮೆರೆದು, ದೇವನ ಸ್ವಾತಂತ್ರ್ಯವನ್ನು ವಿಕಾರವಾಗಿ ಅನುಕರಿಸಿದೆನೇ ಎಂದು ಕೇಳಿಕೊಳ್ಳುತ್ತಾನೆ. ಇಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಒಳ್ಳೆಯ ಧರ್ಮಪ್ರವಚನವಾಗುತ್ತಿತ್ತು. ಆದರೆ ಕೊನೆಗೆ ಆತ ಒಂದು ಸರಳ ಸಂಗತಿಯನ್ನು ಒಪ್ಪಿಕೊಳ್ಳುತ್ತಾನೆ: ಒಬ್ಬನೇ ಇದ್ದಿದ್ದರೆ ನಾನದನ್ನು ಮಾಡುತ್ತಿರಲಿಲ್ಲ. ಜೊತೆಗಾರರಿದ್ದರು, ನಗುವಿತ್ತು, 'ಬನ್ನಿ ಹೋಗೋಣ' ಎಂದಾಗ ಹಿಂದೆ ಸರಿಯಲು ನಾಚಿಕೆಯಾಯಿತು. ನನ್ನ ಓದಿನಲ್ಲಿ ಇಡೀ ಪ್ರಕರಣದ ತಿರುಳು ಇದೇ. ಕೆಡುಕಿಗಾಗಿಯೇ ಮಾಡಿದ ಕೆಡುಕು ಎಂದು ಆರಂಭದಲ್ಲಿ ಕಂಡದ್ದು, ಗೆಳೆಯರ ಕಣ್ಣಲ್ಲಿ ದೊಡ್ಡವನಾಗುವ ಆಸೆಯಾಗಿ ಬಯಲಾಗುತ್ತದೆ.

ನಾವು ನಮ್ಮ ತಪ್ಪುಗಳಿಗೆ ನಫ್ಸ್‌ನ್ನೂ ಶೈತಾನನನ್ನೂ ದೂರುತ್ತೇವೆ. ಮಕ್ಕಳ ವಿಷಯ ಬಂದರೆ ಸಹವಾಸದೋಷ ಎನ್ನುತ್ತೇವೆ. 'ನಿಮ್ಮ ಮಗ ನನ್ನ ಮಗನನ್ನು ಕೆಡಿಸಿದ' ಎಂದು ಎರಡೂ ಮನೆಯವರು ಹೇಳುತ್ತಾರೆ. ಅಗಸ್ಟೀನ್ ಈ ಸುಲಭದ ದಾರಿ ಹಿಡಿಯುವುದಿಲ್ಲ. ಗೆಳೆಯರು ತನ್ನನ್ನು ಕೆಡಿಸಿದರೆಂದು ಆತ ಕೈ ತೊಳೆದುಕೊಳ್ಳುವುದಿಲ್ಲ. ಅವರಿಗೆ ಆತನೂ ಕೆಟ್ಟ ಸಹವಾಸವೇ ಆಗಿದ್ದ.

ಆದರೂ ನನ್ನದೊಂದು ತಕರಾರಿದೆ. ಇಷ್ಟೆಲ್ಲ ಬರೆದವನು ಮರದ ಒಡೆಯ ಯಾರೆಂದು ಹೇಳುವುದಿಲ್ಲ. ಇದನ್ನು ಒಪ್ಪದವರನ್ನು ಏಮಾರಿಸಿ ನಕ್ಕೆವು ಎಂಬಷ್ಟರಲ್ಲಿ ಆ ಬಡಪಾಯಿಯ ಪ್ರಸ್ತಾಪ ಮುಗಿಯುತ್ತದೆ. ಬೆಳಿಗ್ಗೆ ಬರಿದಾದ ಮರದ ಕೆಳಗೆ ಆತ ಹೇಗೆ ನಿಂತಿದ್ದನೋ! ಪಶ್ಚಾತ್ತಾಪ ದೇವನೊಂದಿಗಿನ ಮಾತುಕತೆಯಾಗಿ ಮಾತ್ರ ಉಳಿಯುತ್ತದೆ. ಗಾಂಧೀಜಿ ಇಲ್ಲಿ ಒಂದು ಹೆಜ್ಜೆ ಮುಂದಿದ್ದಾರೆ. ಅವರು ತಪ್ಪೊಪ್ಪಿಗೆಯ ಚೀಟಿಯನ್ನು ಕಾಯಿಲೆ ಬಿದ್ದಿದ್ದ ತಂದೆಯ ಕೈಗೇ ಕೊಟ್ಟು, ಅವರ ಕಣ್ಣೀರನ್ನು ಎದುರಿಗೆ ಕುಳಿತು ನೋಡಿದರು.

ಇಂದು ಒಬ್ಬ ಅಸಹಾಯಕನನ್ನು ಸುತ್ತುಗಟ್ಟಿ ಹೊಡೆಯುವವರು ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚುತ್ತಾರೆ. ಹೊಡೆದವರಲ್ಲಿ ಹೆಚ್ಚಿನವರಿಗೆ ಆತನ ಹೆಸರೂ ಗೊತ್ತಿರುವುದಿಲ್ಲ. ಆ ವೀಡಿಯೊ ನೋಡಿ ನಗುವವನೂ, ಇನ್ನೊಬ್ಬನಿಗೆ ಕಳುಹಿಸುವವನೂ ಆ ಪಿಯರ್ ಮರದ ಕೆಳಗೇ ಇದ್ದಾನೆ. ಆ ರಾತ್ರಿ ಹುಡುಗರಲ್ಲೊಬ್ಬ 'ನಾನು ಬರುವುದಿಲ್ಲ, ಮನೆಗೆ ಹೋಗುತ್ತೇನೆ' ಎಂದಿದ್ದರೆ ಏನಾಗುತ್ತಿತ್ತು? ಅಗಸ್ಟೀನನ ಮಾತನ್ನೇ ನಂಬುವುದಾದರೆ, ಮರದಲ್ಲಿ ಹಣ್ಣು ಉಳಿಯುವ ಸಾಧ್ಯತೆಯಿತ್ತು.