ಡಯಲ್ ಆಮೇಲೆ, ಬಿಗಿ ಮೊದಲು

ರೂಟರ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವುದು ಮೂರೇ ಪ್ರಶ್ನೆ: ಎಷ್ಟು ವ್ಯಾಟ್, ಎಷ್ಟು ಆರ್‌ಪಿಎಂ, ಎಷ್ಟು ರೂಪಾಯಿ. ಡಬ್ಬಿಯ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬಿದ್ದಿರುವ ಎಡ್ಜ್ ಗೈಡನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಮೋಟರಿನ ಕೆಲಸ ಬಿಟ್ಟನ್ನು ತಿರುಗಿಸುವುದಷ್ಟೆ. ಆ ಬಿಟ್ ಹಲಗೆಯ ಅಂಚಿನಿಂದ ಎಷ್ಟು ದೂರದಲ್ಲಿ ಓಡಬೇಕು, ಓಡುವಾಗ ಗೆರೆ ತಪ್ಪದಂತೆ ಹೇಗಿರಬೇಕು ಎಂಬುದೆಲ್ಲ ಗೈಡಿನ ಪಾಲಿನದು. ಡ್ರಾಯರಿನ ತಳ ಕೂರುವ ಗ್ರೂವ್, ಬಾಗಿಲ ಚೌಕಟ್ಟಿನ ತೋಡು, ಕಪಾಟಿನ ಹಿಂಬದಿಯ ರಿಬೇಟ್, ಎಲ್ಲವೂ ಇದನ್ನೇ ನಂಬಿವೆ.

ಈ ಉಪಾಯ ವಿದ್ಯುತ್ ರೂಟರಿಗಿಂತ ಹಳೆಯದು. ಅಮೆರಿಕದ ಸ್ಟಾನ್ಲಿ ಕಂಪನಿ 1880ರ ದಶಕದಲ್ಲಿ ಹೊರತಂದ 45ನೇ ನಂಬರಿನ ಕೀಸುಳಿಯನ್ನು ನೋಡಿ: ಎರಡು ಉಕ್ಕಿನ ಸಲಾಕೆ, ಅವುಗಳ ಮೇಲೆ ಜಾರುವ, ಹಲಗೆಯ ಅಂಚಿಗೆ ಒರಗುವ ಫೆನ್ಸ್, ಅದನ್ನು ಬಿಗಿ ಮಾಡುವ ತಿರುಪು. ಇಂದಿನ ರೂಟರ್ ಗೈಡಿನಲ್ಲಿ ಇರುವುದೂ ಇವೇ ಮೂರು. ಆದರೆ ಕೈಯಲ್ಲಿ ತಳ್ಳುವ ಕೀಸುಳಿ ಒಂದಿಷ್ಟು ವಾಲಿದರೂ ಅಂಗೈಗೆ ಗೊತ್ತಾಗುತ್ತದೆ. ನಿಮಿಷಕ್ಕೆ 30 ಸಾವಿರ ಸುತ್ತು ತಿರುಗುವ ಪುಟ್ಟ ರೂಟರ್, ಅಂದರೆ ಟ್ರಿಮ್ಮರ್, ನಮಗೆ ಅಷ್ಟು ಪುರುಸೊತ್ತು ಕೊಡುವುದಿಲ್ಲ. ಅದರ ನಡುಕ ಸಡಿಲವಿದ್ದ ತಿರುಪನ್ನು ಇನ್ನಷ್ಟು ಸಡಿಲ ಮಾಡುತ್ತದೆ.

ಹಾಗಾಗಿ ಗೈಡ್ ಆರಿಸುವಾಗ ನಾನು ಮೊದಲು ನೋಡುವುದು ಸ್ಕೇಲನ್ನಲ್ಲ, ಡಯಲನ್ನೂ ಅಲ್ಲ, ಬಿಗಿಯನ್ನು. ಪರೀಕ್ಷೆ ಸುಲಭ. ರೂಟರಿನ ಪ್ಲಗ್ ಕಿತ್ತಿಟ್ಟು, ಗೈಡ್ ಕೂರಿಸಿ, ಬೇಸಿನ ಅಂಚಿನಿಂದ ಫೆನ್ಸಿನವರೆಗಿನ ಅಂತರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. ಆಮೇಲೆ ತಿರುಪು ಬಿಗಿ ಮಾಡಿ ಇನ್ನೊಮ್ಮೆ ಅಳೆಯಿರಿ. ಬಿಗಿ ಮಾಡಿದ ಮಾತ್ರಕ್ಕೆ ಅಳತೆ 0.2 ಮಿ.ಮೀ. ಆಚೀಚೆ ಹೋದರೆ, ಆ ಗೈಡಿನ ಮೇಲೆ 0.1 ಮಿ.ಮೀ. ತೋರಿಸುವ ಡಯಲ್ ಇದ್ದೇನು ಬಂತು? ತಿರುಪಿನ ತುದಿ ಸಲಾಕೆಯನ್ನು ಒಂದು ಪಕ್ಕಕ್ಕೆ ಒತ್ತುವುದರಿಂದ ಹೀಗಾಗುತ್ತದೆ. ಸಲಾಕೆಗೂ ತೂತಿಗೂ ನಡುವೆ ಎಷ್ಟು ಅಲ್ಲಾಟ ಇದೆಯೋ ಅಷ್ಟು ಅಳತೆ ಜಾರುತ್ತದೆ.

ಎರಡನೆಯದು, ಫೆನ್ಸಿನ ಒಂದು ತುದಿಯನ್ನು ಬೆರಳಿನಿಂದ ಒತ್ತಿ ನೋಡಿ. ಎರಡು ಸಲಾಕೆಯ ಗೈಡ್ ಒತ್ತಡಕ್ಕೆ ಜಗ್ಗಬಾರದು. ಟ್ರಿಮ್ಮರಿನ ಜೊತೆ ಬರುವ, ತಗಡು ಮಡಚಿ ಮಾಡಿದ ಗೈಡಿಗೆ ಹಿಡಿತ ಒಂದೇ ಕಡೆ. ಅದು ಓರೆಯಾಗುವುದು ಸಹಜ. ಮೈಕಾ ಅಂಚು ಸವರಲು ಸಾಕು, ಜೋಡಣೆಯ ಕೆಲಸಕ್ಕೆ ಸಾಲದು. ಮೂರನೆಯದು ಫೆನ್ಸಿನ ಮುಖ. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದರೆ ನೇರವೋ ಡೊಂಕೋ ತಿಳಿಯುತ್ತದೆ.

ದುಬಾರಿ ಗೈಡುಗಳ ಮಾತೇ ಬೇರೆ. ಅಮೆರಿಕದ ಮೈಕ್ರೋ ಫೆನ್ಸ್ ಇಂಚಿನ ಸಾವಿರದ ಒಂದು ಭಾಗ, ಅಂದರೆ ಸುಮಾರು 0.025 ಮಿ.ಮೀ. ಲೆಕ್ಕದಲ್ಲಿ ಸರಿಯುತ್ತದೆ. ಗಿಟಾರ್ ಕಟ್ಟುವವರಿಗೆ, ಇನ್‌ಲೇ ಕೂರಿಸುವವರಿಗೆ ಆ ಸೂಕ್ಷ್ಮ ಬೇಕೇ ಬೇಕು. ಕಪಾಟು, ಡ್ರಾಯರ್ ಮಾಡುವವರಿಗೆ 0.1 ಮಿ.ಮೀ. ಧಾರಾಳ. ಮಳೆಗಾಲಕ್ಕೂ ಬೇಸಿಗೆಗೂ ತೇಗದ ಹಲಗೆಯೇ ಅದಕ್ಕಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ.

ಆ 0.1 ಮಿ.ಮೀ. ಗೈಡನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬೇಕಾಗುವುದು ಎರಡು ನೇರ ಸಲಾಕೆ, ಚೆನ್ನಾಗಿ ಒಣಗಿದ ಗಟ್ಟಿ ಮರದ ಎರಡು ತುಂಡು, ಎಂ6 ಥ್ರೆಡ್ ರಾಡ್, ನಟ್ಟುಗಳು, ಒಂದು ಸ್ಪ್ರಿಂಗ್. ಸಲಾಕೆ 8 ಮಿ.ಮೀ. ಆದರೆ, ಥ್ರೀಡಿ ಪ್ರಿಂಟರುಗಳಿಗೆ ಹಾಕುವ ನಯವಾದ ರಾಡ್ ಹೇಳಿ ಮಾಡಿಸಿದಂತೆ ಇರುತ್ತದೆ. ನಿಮ್ಮ ರೂಟರಿನ ಬೇಸಿನಲ್ಲಿರುವ ತೂತಿನ ವ್ಯಾಸವನ್ನು ಅಳೆದೇ ಕೊಳ್ಳಿ. ಎರಡು ಸಲಾಕೆಗಳ ನಡುವಿನ ಅಂತರಕ್ಕೆ ಅವನ್ನು ಬೇಸಿನ ತೂತುಗಳಿಗೆ ತೂರಿಸಿ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಒಂದು ಸಲಾಕೆಯ ವ್ಯಾಸ ಕಳೆಯಿರಿ. ಅದೇ ಮಧ್ಯದಿಂದ ಮಧ್ಯಕ್ಕೆ ಇರುವ ದೂರ.

ಎರಡು ಮರದ ತುಂಡುಗಳಲ್ಲಿ ಒಂದು ಫೆನ್ಸ್, ಇನ್ನೊಂದು ಅದರ ಹಿಂದೆ ಸಲಾಕೆಗಳ ಮೇಲೆ ಕೂರುವ ಅಡ್ಡಪಟ್ಟಿ. ಎರಡನ್ನೂ ಒಂದರ ಮೇಲೊಂದು ಕ್ಲ್ಯಾಂಪ್ ಮಾಡಿ ಒಟ್ಟಿಗೇ ತೂತು ಹೊಡೆಯಿರಿ. ಬೇರೆ ಬೇರೆಯಾಗಿ ಹೊಡೆದರೆ ಫೆನ್ಸ್ ಸಲಾಕೆಗಳ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಬಿಗಿ ಮಾಡಲು ಸಲಾಕೆಯ ಮೇಲೆ ತಿರುಪಿನ ತುದಿ ಒತ್ತುವ ಏರ್ಪಾಡು ಬೇಡ. ಪ್ರತಿ ತೂತಿನವರೆಗೆ ಗರಗಸದಲ್ಲಿ ಒಂದು ಸೀಳು ಹಾಕಿ, ಆ ಸೀಳನ್ನು ಬೋಲ್ಟಿನಿಂದ ಹತ್ತಿರಕ್ಕೆ ಎಳೆಯಿರಿ. ಆಗ ಮರ ಸಲಾಕೆಯನ್ನು ಸುತ್ತಲೂ ಅಪ್ಪಿ ಹಿಡಿಯುತ್ತದೆ, ಅಳತೆ ಜಾರುವುದಿಲ್ಲ. ಇಡೀ ಗೈಡಿನ ಜೀವ ಇರುವುದು ಈ ಸೀಳಿನಲ್ಲಿ.

ಥ್ರೆಡ್ ರಾಡ್ ಅಡ್ಡಪಟ್ಟಿಯಲ್ಲಿ ತಿರುಗಬೇಕು, ಆದರೆ ಹಿಂದೆ ಮುಂದೆ ಸರಿಯಬಾರದು. ಅದಕ್ಕೆ ಪಟ್ಟಿಯ ಎರಡೂ ಕಡೆ ಜೋಡಿ ನಟ್ಟು ಹಾಕಿ ಲಾಕ್ ಮಾಡಿ. ಇನ್ನೊಂದು ತುದಿ ಫೆನ್ಸಿನಲ್ಲಿ ಹುದುಗಿಸಿದ ನಟ್ಟಿನೊಳಗೆ ಓಡುತ್ತದೆ. ನಡುವೆ ಸ್ಪ್ರಿಂಗ್ ಇದ್ದರೆ ಥ್ರೆಡ್ಡಿನ ಅಲ್ಲಾಟವೂ ಸತ್ತುಹೋಗುತ್ತದೆ. ಎಂ6 ರಾಡಿನ ಪಿಚ್ 1 ಮಿ.ಮೀ.; ರಾಡಿನ ಹೊರತುದಿಗೆ ಹಾಕಿದ ಗುಬುಟಿ ಒಂದು ಸುತ್ತು ತಿರುಗಿದರೆ ಫೆನ್ಸ್ 1 ಮಿ.ಮೀ. ಸರಿಯುತ್ತದೆ. ಗುಬುಟಿಯ ಹಿಂದೆ ಹತ್ತು ಗೆರೆಯ ಕಾಗದದ ಬಿಲ್ಲೆ ಅಂಟಿಸಿದರೆ ಒಂದೊಂದು ಗೆರೆಗೆ 0.1 ಮಿ.ಮೀ. ಡಯಲ್ ಎಂದರೆ ಇಷ್ಟೇ.

ಫೆನ್ಸಿನ ಮುಖ ಉದ್ದವಿರಲಿ. ದೊಡ್ಡ ರೂಟರಿಗೆ 300 ಮಿ.ಮೀ. ಇದ್ದರೆ ನೆಮ್ಮದಿ. ಗಿಡ್ಡ ಫೆನ್ಸ್ ಹಲಗೆಯ ಶುರುವಿನಲ್ಲೂ ಕೊನೆಯಲ್ಲೂ ಆಧಾರ ತಪ್ಪಿ ಓರೆಯಾಗುತ್ತದೆ, ಗ್ರೂವಿನ ಎರಡೂ ತುದಿಯಲ್ಲಿ ಕೊಕ್ಕೆ ಬೀಳುತ್ತದೆ. ಕಂಪನಿಯ ಗೈಡನ್ನೇ ಇಟ್ಟುಕೊಳ್ಳುವವರು ಅದರ ಫೆನ್ಸಿನಲ್ಲಿರುವ ತೂತುಗಳಿಗೆ ಉದ್ದನೆಯ ಮರದ ಪಟ್ಟಿಯನ್ನು ಸ್ಕ್ರೂ ಮಾಡಿದರೂ ಅರ್ಧ ತೊಂದರೆ ತೀರಿತು.

ಇನ್ನು ಬಳಕೆ. 6 ಎಂಎಂ ಎಂದು ಮಾರುವ ಪ್ಲೈವುಡ್ ಅಳೆದರೆ 5.6 ಇರುವುದುಂಟು. 6ರ ಬಿಟ್ಟಿನಲ್ಲಿ ಗ್ರೂವ್ ಹೊಡೆದರೆ ಡ್ರಾಯರಿನ ತಳ ಗಡಗಡ ಎನ್ನುತ್ತದೆ. 5ರ ಬಿಟ್ ಹಾಕಿ. ಡ್ರಾಯರಿನ ನಾಲ್ಕು ಹಲಗೆಗಳಿಗೂ ಮೊದಲ ಸಾಲು ಹೊಡೆದು ಮುಗಿಸಿ. ಆಮೇಲೆ ಡಯಲನ್ನು ಏಳು ಗೆರೆ ತಿರುಗಿಸಿ, ಬಿಗಿ ಮಾಡಿ, ನಾಲ್ಕಕ್ಕೂ ಎರಡನೆಯ ಸಾಲು. ಗ್ರೂವ್ 5.7 ಆಯಿತು, ತಳ ಕೈಯಲ್ಲಿ ಒತ್ತಿದರೆ ಕೂರುತ್ತದೆ. ಅಂಚಿನಿಂದ ಗ್ರೂವಿಗೆ ಎಷ್ಟು ಮಿ.ಮೀ. ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ, ನಾಲ್ಕೂ ಹಲಗೆಗೆ ಅದೇ ದೂರ ಬಂದರಾಯಿತು. ಮೊದಲು ಅದೇ ಮರದ ಚೂರಿನ ಮೇಲೆ ಹೊಡೆದು, ಅದೇ ಪ್ಲೈ ತೂರಿಸಿ ನೋಡುವುದನ್ನು ಮಾತ್ರ ಬಿಡಬೇಡಿ.

ಯಾವ ಕಡೆಗೆ ಅಗಲ ಮಾಡಬೇಕು ಎಂಬುದಕ್ಕೂ ಲೆಕ್ಕವಿದೆ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ರೂಟರನ್ನು ಮುಂದಕ್ಕೆ ತಳ್ಳುವಾಗ ಅದು ಎಡಕ್ಕೆ ಜಗ್ಗುತ್ತದೆ. ಹಾಗಾಗಿ ಗೈಡ್ ನಿಮ್ಮ ಬಲಕ್ಕಿರಬೇಕು. ಆಗ ಆ ಜಗ್ಗಾಟವೇ ಫೆನ್ಸನ್ನು ಹಲಗೆಗೆ ಒತ್ತಿ ಹಿಡಿಯುತ್ತದೆ. ಮೊದಲ ಸಾಲು ಅಂಚಿಗೆ ಹತ್ತಿರ, ಅಗಲಿಸುವುದು ಒಳಮುಖವಾಗಿ. ತಿರುಗುಮುರುಗು ಮಾಡಿದರೆ ರೂಟರ್ ತಾನಾಗಿ ಮುಂದಕ್ಕೆ ನುಗ್ಗುತ್ತದೆ, ಫೆನ್ಸ್ ಅಂಚು ಬಿಡುತ್ತದೆ.

ಎಂಥ ಗೈಡಿಗೂ ಮೀರಲಾಗದ ಮಿತಿ ಎರಡು. ಅದು ಹಲಗೆಯ ಅಂಚನ್ನೇ ನಕಲು ಮಾಡುತ್ತದೆ. ಅಂಚು ಡೊಂಕಿದ್ದರೆ ಗ್ರೂವೂ ಡೊಂಕು. ಸಲಾಕೆ ಉದ್ದವಾದಷ್ಟೂ ಬಾಗುವುದೂ ಹೆಚ್ಚು. ಶೆಲ್ಫಿನ ತೋಡಿನಂತೆ ಅಂಚಿನಿಂದ ದೂರದ ಕೆಲಸಕ್ಕೆ ಗೈಡನ್ನು ಎಳೆದಾಡದೆ, ನೇರ ಪಟ್ಟಿಯೊಂದನ್ನು ಹಲಗೆಗೆ ಕ್ಲ್ಯಾಂಪ್ ಮಾಡಿ ಅದರ ಪಕ್ಕ ಓಡಿಸುವುದೇ ಸರಿ.

ಖರ್ಚಿನ ಸರದಿ ಹೀಗಿರಲಿ: ಮೊದಲು ಬಿಗಿ ಸರಿಪಡಿಸಿ, ಆಮೇಲೆ ಉದ್ದನೆಯ ಫೆನ್ಸ್, ಕೊನೆಗೆ ಡಯಲ್. ಮೊದಲೆರಡು ಸರಿಯಾದರೆ ಮೂರನೆಯದಕ್ಕೆ ಕೈ ಹಾಕುವ ಅಗತ್ಯ ಬಹಳ ಜನರಿಗೆ ಬರುವುದೇ ಇಲ್ಲ. ಉಳಿದ ದುಡ್ಡಿನಲ್ಲಿ ಎರಡು ಒಳ್ಳೆಯ ಕಾರ್ಬೈಡ್ ಬಿಟ್ ಕೊಳ್ಳಿ.